ಆಚೆ ತಂಡಕ್ಕೆ ಕೊಟ್ಟ ಹುಡುಗಿ

ಈ ಸಭೆಯ ಅಧ್ಯಕ್ಷರೂ, ಟಾರ್ನಿ ಫ್ಲಾಟ್ ಫುಟ್‌ಬಾಲ್ ಮತ್ತು ನೆಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ, ಮನೆಗೆ ಹೋದ ಮೇಲೆ ನನ್ನ ತಂದೆಯೂ ಆಗಿರುವ ಶ್ರೀ ನೋಯೆಲ್ ಹ್ಯಾಸ್ಕೆಟ್ ಅವರೇ, ಜಿಲ್ಲಾ ಲೀಗಿನ ಪರವಾಗಿ ಇಷ್ಟು ದೂರ ಕಾರು ಓಡಿಸಿಕೊಂಡು ಬಂದಿರುವ ಶ್ರೀ ಡೆನಿಸ್ ಟ್ರೆಮೇನ್ ಅವರೇ, ಆಜೀವ ಸದಸ್ಯರೇ, ಮಧ್ಯಾಹ್ನದಿಂದ ಕುರಿಮಾಂಸದ ಮುಂದೆ ಬೆವರುತ್ತಿರುವ ಅಡುಗೆಮನೆಯ ತಾಯಂದಿರೇ, ಮಕ್ಕಳೇ, ಮತ್ತು ಮಾಂಸವೇ ಬಹುಮಾನವಾಗಿರುವ ಲಾಟರಿ ಚೀಟಿ ಯಾವಾಗ ಎತ್ತುತ್ತಾರೋ ಎಂದು ಕಾಯುತ್ತಿರುವ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ನಾನು ಕುರಿ ತುಪ್ಪಳ ಕತ್ತರಿಸುವ ಶೆಡ್ಡಿನಲ್ಲಿ ಉಣ್ಣೆ ಬಾಚಿ ಎತ್ತುವವಳು. ಅಲ್ಲಿ ಯಂತ್ರಗಳ ಸದ್ದಿನಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಶನಿವಾರ ಮೈದಾನದಲ್ಲೂ ಕೂಗುತ್ತೇನೆ. ಕೂಗದೆ ಮಾತಾಡು ಎಂದರೆ ನನಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ತಪ್ಪಿದರೆ ಮನ್ನಿಸಬೇಕು.

ವರ್ಷದ ಕೊನೆಯ ಈ ಸಭೆಯಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ತಂಡದ ಕೋಚ್ ಎದ್ದು ವರದಿ ಒಪ್ಪಿಸುವುದು ಪದ್ಧತಿ. ಈ ಸಲ ವರದಿಯ ಜೊತೆಗೆ ಎರಡು ವಾಕ್ಯ ಹೇಳಬೇಕೆಂದು ಲೀಗಿನ ಆಜ್ಞೆಯಾಗಿದೆ. ಅರ್ಹತೆ ಇಲ್ಲದ ಆಟಗಾರ್ತಿಯನ್ನು ಗೊತ್ತಿದ್ದೂ ಫೈನಲ್ಲಿನಲ್ಲಿ ಆಡಿಸಿದೆ ಎಂಬುದು ಒಂದು. ಅದಕ್ಕಾಗಿ ವಿಷಾದಿಸುತ್ತೇನೆ ಎಂಬುದು ಇನ್ನೊಂದು. ಎರಡನ್ನೂ ಹೇಳಿದರೆ ಮುಂದಿನ ವರ್ಷವೂ ನಾನು ಕೋಚ್. ಹೇಳದಿದ್ದರೆ ಎರಡು ವರ್ಷ ಈ ಮೈದಾನದ ಬೇಲಿಯೊಳಗೆ ಕಾಲಿಡುವಂತಿಲ್ಲ.

ನಿನ್ನೆ ಊಟದ ಮೇಜಿನ ಹತ್ತಿರ ಅಧ್ಯಕ್ಷರು ನನಗೆ ಬುದ್ಧಿ ಹೇಳಿದರು. "ಎರಡು ಮಾತು ಕಣೇ ಬ್ರಿಡಿ. ಗಂಟಲಲ್ಲಿ ಮುಳ್ಳೇನೂ ಸಿಕ್ಕಲ್ಲ. ಹೇಳ್ಬಿಟ್ಟು ಕೂತ್ಕೋ."

ಹೇಳಿ ಕೂರಬಹುದು. ಆದರೆ ಯಾವುದಕ್ಕೆ ವಿಷಾದಿಸಬೇಕು ಎಂದು ನಿಮ್ಮ ಮುಂದೆ ಒಮ್ಮೆ ವಿಚಾರ ಮಾಡಬೇಡವೆ?

ಮೆರಿಗಲ್ ತಂಡ ನಿಮಗೆಲ್ಲ ಗೊತ್ತು. ಅವರ ಊರಿನ ಶಾಲೆ ಮುಚ್ಚಿದ ಮೇಲೆ ಅವರ ಮಕ್ಕಳು ಎರಡು ಕಾರಿನಲ್ಲಿ ಬರುತ್ತಾರೆ, ಮೂರನೆಯ ಕಾರಿನಲ್ಲಿ ಅವರ ಕೋಚ್ ರಾಸ್ ಕೆಟಲ್ ಮತ್ತು ಕಿತ್ತಳೆ ಹಣ್ಣಿನ ಡಬ್ಬಿ. ಹಾಗೆ ಮಕ್ಕಳು ಕಡಿಮೆಯಾದ ತಂಡಕ್ಕೆ ಹೆಚ್ಚಿರುವ ತಂಡ ತನ್ನ ಮಕ್ಕಳನ್ನು ಕೊಡುವುದು ನಮ್ಮ ಕಡೆಯ ಪದ್ಧತಿ. ಅವರ ಅಂಗಿ ತೊಟ್ಟು, ಅವರ ಪರವಾಗಿ, ನಮ್ಮ ವಿರುದ್ಧವೇ ಆಡಬೇಕು. ನಾನು ಚಿಕ್ಕವಳಿದ್ದಾಗಲೂ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಯಾರೇ ಮಾಡಿರಲಿ, ಅವರಿಗೆ ನಮಸ್ಕಾರ.

ಪ್ರತಿ ಸಲ ನಾನು ಮಧ್ಯದಲ್ಲಿ ನಿಂತು ಕೇಳುತ್ತೇನೆ, "ಆಚೆ ಯಾರು ಹೋಗ್ತೀರ?" ಆಗ ನೋಡಬೇಕು ನಮ್ಮ ವೀರರನ್ನು. ಎಲ್ಲರಿಗೂ ಅದೇ ಹೊತ್ತಿಗೆ ಬೂಟಿನ ದಾರ ಬಿಚ್ಚಿಹೋಗಿರುತ್ತದೆ. ಕೈ ಎತ್ತುವವಳು ಒಬ್ಬಳೇ, ಮಾರ್ನಿ ಡೌಡ್.

ಅವಳೇನು ದೇವತೆ ಎಂದು ಹೇಳುತ್ತಿಲ್ಲ. ಯಾಕೆ ಹೋಗುತ್ತೀಯ ಎಂದು ಒಮ್ಮೆ ಕೇಳಿದೆ. "ಅವ್ರು ನನ್ನ ಮಧ್ಯದಲ್ಲಿ ಆಡಿಸ್ತಾರೆ. ನೀನು ಮೂಲೇಲಿ ನಿಲ್ಲಿಸ್ತೀಯ," ಎಂದಳು. ಮೆರಿಗಲ್ಲಿನ ಹಸಿರು ಅಂಗಿ ತೊಟ್ಟು ಅವಳು ನಮ್ಮ ಮೇಲೆಯೇ ಗೋಲು ಹೊಡೆದ ದಿನ, ಬೇಲಿಯ ಹತ್ತಿರ ಕಾರಿನಲ್ಲಿ ಕೂತಿದ್ದ ಮಹನೀಯರೊಬ್ಬರು ಗಾಜಿಳಿಸಿ ಕೂಗಿದರು, "ಏ ಮಾರ್ನಿ, ಯಾರ ಕಡೆಯವಳೇ ನೀನು?" ಅವಳು ಓಡುತ್ತಲೇ ಅಂಗಿಯನ್ನು ಎಳೆದು ತೋರಿಸಿ, "ನಿಂಗೆ ಬಣ್ಣ ಕಾಣಲ್ವಾ?" ಎಂದಳು. ಆ ಮಹನೀಯರು ಇಲ್ಲಿಯೇ ಇದ್ದಾರೆ. ಈಗ ನಗುತ್ತಿದ್ದಾರೆ.

ಇನ್ನು ತಪ್ಪಿನ ವಿಷಯ. ನಮ್ಮ ತಂಡದ ವ್ಯವಸ್ಥೆ ನೋಡುವವರು ಗ್ಲೆನಿಸ್ ಚಿಕ್ಕಮ್ಮ. ಬೇರೆ ಕ್ಲಬ್ಬುಗಳಲ್ಲಿ ಮಗುವನ್ನು ಆಚೆ ಕಳಿಸಿದರೂ ಹೆಸರನ್ನು ತಮ್ಮ ಆಟಗಾರರ ಹಾಳೆಯಲ್ಲೇ ಬರೆದುಕೊಳ್ಳುತ್ತಾರಂತೆ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಗ್ಲೆನಿಸ್ ಚಿಕ್ಕಮ್ಮ ಹಾಗೆ ಮಾಡುವವರಲ್ಲ. "ಯಾರ ಅಂಗಿ ಹಾಕಿದಾಳೋ ಅವರ ಹಾಳೇಲಿ ಹೆಸರು. ನಂಗೆ ಸುಳ್ಳು ಬರೆಯೋಕೆ ಕೈ ಬರಲ್ಲ," ಎಂದು ಅವರೇ ನಡೆದುಹೋಗಿ ಮೆರಿಗಲ್ಲಿನವರ ಹಾಳೆಯಲ್ಲಿ ಬರೆದು ಬರುತ್ತಿದ್ದರು. ಫೈನಲ್ ಆಡಬೇಕಾದರೆ ಸ್ವಂತ ಕ್ಲಬ್ಬಿಗೆ ಆರು ಆಟ ಆಡಿರಬೇಕು ಎಂದು ನಿಯಮ. ಚಳಿಗಾಲವಿಡೀ ಒಂದು ಶನಿವಾರವೂ ತಪ್ಪದೆ ಆಡಿದ ಮಾರ್ನಿಯ ಹೆಸರಿನಲ್ಲಿ ನಮಗೆ ಸಿಕ್ಕಿದ್ದು ಐದು. ಉಳಿದವೆಲ್ಲ ಮೆರಿಗಲ್ಲಿನ, ಹಾಗೆಯೇ ಮಕ್ಕಳು ಕಡಿಮೆಯಿದ್ದ ಬೇರೆ ತಂಡಗಳ ಅಂಗಿಯವು. ನಮ್ಮ ಕ್ಲಬ್ಬಿನ ತಪ್ಪು ಇಷ್ಟೇ, ಸಭಿಕರೇ. ಕೊಟ್ಟದ್ದನ್ನು ಕೊಟ್ಟೆವು ಎಂದು ಬರೆದೆವು.

ನಾನು ನಿಯಮವನ್ನು ಹಳಿಯುತ್ತಿಲ್ಲ. ವರ್ಷವೆಲ್ಲ ಕಾಣದ ಆಟಗಾರನನ್ನು ಫೈನಲ್ಲಿನ ದಿನ ನಗರದಿಂದ ತಂದು ಇಳಿಸಬಾರದು ಎಂದು ಮಾಡಿದ ನಿಯಮ ಅದು. ಒಳ್ಳೆಯ ನಿಯಮ. ಆದರೆ ಮಾರ್ನಿ ಡೌಡ್ ಯಾವ ನಗರದಿಂದ ಬಂದಳು? ಅವರ ಮನೆ ಈ ಕಿಟಕಿಯಿಂದ ಕಾಣುತ್ತದೆ. ಅವರ ನಾಯಿ ಎಷ್ಟು ಸಲ ಮೈದಾನಕ್ಕೆ ನುಗ್ಗಿ ಆಟ ನಿಲ್ಲಿಸಿಲ್ಲ? ನಾಯಿಯನ್ನು ಕೇಳಿದ್ದರೂ ಅರ್ಹತೆ ಹೇಳುತ್ತಿತ್ತು.

ಫೈನಲ್ಲಿಗೆ ಎರಡು ದಿನ ಮುಂಚೆ ನಾನೇ ಟ್ರೆಮೇನ್ ಅವರಿಗೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. "ಒಬ್ಳಿಗೆ ಬಿಟ್ರೆ ನಾಳೆ ಎಲ್ರೂ ಬಂದು ನಿಂತ್ಕೋತಾರೆ ಕಣಮ್ಮ," ಎಂದರು. "ಬರ್ಲಿ ಬಿಡಿ. ನಮ್ಮ ಮಕ್ಕಳನ್ನ ಆಚೆ ತಂಡಕ್ಕೆ ಕೊಟ್ಟಿದೀವಿ ಅಂತ ಎಲ್ರೂ ಬರ್ಲಿ," ಎಂದೆ. ಆಮೇಲೆ ಅವರು ಹವಾಮಾನ ಕೇಳಿದರು.

ಒಂದು ಆಟ ತಪ್ಪಿದರೆ ಏನಾಯಿತು, ಮುಂದಿನ ವರ್ಷ ಆಡುತ್ತಾಳೆ ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಎಲ್ಲಿ ಆಡುತ್ತಾಳೆ? ದಯವಿಟ್ಟು ಹೇಳಿ, ಎಲ್ಲಿ? ಬಾಗಿಲ ಪಕ್ಕದಲ್ಲಿ ಲೀಗಿನವರು ಅಂಟಿಸಿದ ಬಣ್ಣದ ಚಿತ್ರವಿದೆ, ಮಕ್ಕಳು ಮುಂದೆ ಬರುವ ದಾರಿಯ ಚಿತ್ರ. ಹುಡುಗರ ಬಾಣ ಹದಿನಾಲ್ಕರಿಂದ ಹದಿನಾರಕ್ಕೆ, ಹದಿನೆಂಟಕ್ಕೆ, ಅಲ್ಲಿಂದ ದೊಡ್ಡವರ ತಂಡಕ್ಕೆ ಹೋಗುತ್ತದೆ. ಹದಿನಾಲ್ಕು ದಾಟಿದ ಹುಡುಗಿ ಹುಡುಗರ ಜೊತೆ ಆಡುವಂತಿಲ್ಲ. ಮುಂದಿನ ವರ್ಷ ಮಾರ್ನಿಗೆ ಹದಿನಾಲ್ಕು ದಾಟುತ್ತದೆ. ಅವಳ ಬಾಣ ಕಾಗದದ ಅಂಚಿಗೆ ಹೋಗಿ ನಿಲ್ಲುತ್ತದೆ. ಅದರಾಚೆ ಗೋಡೆ. ಹುಡುಗಿಯರ ತಂಡವಿರುವ ಊರಿಗೆ ಇಲ್ಲಿಂದ ಎರಡು ಗಂಟೆ ದಾರಿ. ಮಾರ್ನಿಯ ತಾಯಿಗೆ ಶನಿವಾರ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ. ಯಾರು ಕರೆದುಕೊಂಡು ಹೋಗುತ್ತಾರೆ?

ಈ ಗೋಡೆಯನ್ನು ನಾನು ಬಲ್ಲೆ. ನನಗೆ ವಯಸ್ಸು ದಾಟಿದ ವರ್ಷ ಮೊದಲನೆಯ ಶನಿವಾರ ಆಟದ ಬೂಟು ಹಾಕಿಕೊಂಡು ಬಂದಿದ್ದೆ. ಆಗಲೂ ಇವರೇ ಅಧ್ಯಕ್ಷರು. ನೀರಿನ ಬಾಟಲಿಗಳ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಈ ವರ್ಷದಿಂದ ನೀರು ಕೊಡು ಪುಟ್ಟಿ. ಅದೂ ತಂಡದ ಕೆಲಸಾನೇ ಅಲ್ವಾ?" ಎಂದರು. ಹೌದು, ಅದೂ ತಂಡದ ಕೆಲಸವೇ. ಮೂರು ಚಳಿಗಾಲ ನೀರು ಕೊಟ್ಟೆ. ಬೂಟು ಹಾಕಿಕೊಂಡೇ ಕೊಟ್ಟೆ. ಯಾಕೆ ಬೂಟು ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷರು ಒಂದು ಸಲ, "ಹುಲ್ಲು ಜಾರುತ್ತಾ?" ಎಂದರು. ಜಾರುತ್ತೆ ಅಪ್ಪ ಎಂದೆ. ಅವರು ನಂಬಿದರು. ಅವರಿಗಾಗಿಯೇ ಶುಕ್ರವಾರ ಸಂಜೆ ಬೂಟಿಗೆ ಎಣ್ಣೆ ಹಚ್ಚಿ ಬಾಗಿಲ ಹತ್ತಿರ ಇಡುತ್ತಿದ್ದೆ, ಕಂಡರೆ ಏನಾದರೂ ಕೇಳುತ್ತಾರೇನೋ ಎಂದು...

ಇದು ವರದಿಯಲ್ಲಿ ಇರಲಿಲ್ಲ. ಕ್ಷಮಿಸಿ. ವರದಿಗೆ ಬರುತ್ತೇನೆ.

ಫೈನಲ್ಲಿನ ಬೆಳಿಗ್ಗೆ ಮಾರ್ನಿಯನ್ನು ಕರೆದು, ನೀನು ಇವತ್ತು ಆಡುವಂತಿಲ್ಲ ಎಂದು ಹೇಳಿದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಸುತ್ತ ನೋಡಿ, "ಸರಿ. ನೀರಿನ ಬುಟ್ಟಿ ಎಲ್ಲಿದೆ?" ಎಂದಳು. ಹಾಗೆಂದು ಅತ್ತುಬಿಟ್ಟಳು. ಅಲ್ಲ, ತಪ್ಪು ಹೇಳಿದೆ. ಅತ್ತವಳು ಅವಳಲ್ಲ.

ಅಂಗಿ ಬದಲಿಸುವ ಕೋಣೆಯೊಳಗೆ ಹೋಗಿ ಮಕ್ಕಳಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವಳು ಆಡಿದರೆ, ನೀವು ಗೆದ್ದರೂ ಕಪ್ಪನ್ನು ಕಿತ್ತುಕೊಳ್ಳಬಹುದು ಎಂದೆ. ಮೂಲೆಯಲ್ಲಿದ್ದ ಒಬ್ಬ, ಯಾರೆಂದು ಹೇಳುವುದಿಲ್ಲ, ದಾರ ಕಟ್ಟುತ್ತ ತಲೆ ಎತ್ತದೆ ಹೇಳಿದ. "ಆಚೆ ಹೋಗೋಕೆ ನಾವ್ ಯಾರೂ ಕೈ ಎತ್ತಿಲ್ಲ. ಆಡ್ಲಿ ಬಿಡು ಬ್ರಿಡ್." ಬೇಡ ಎಂದವರು ಒಬ್ಬರೂ ಇರಲಿಲ್ಲ. ಕೇಳಿದೆ, ಕಾದೆ, ಮತ್ತೆ ಕೇಳಿದೆ. ಒಬ್ಬ ಹುಡುಗಿಗಾಗಿ ಇಡೀ ತಂಡದ ಕಪ್ ಕಳೆದೆ ಎಂದು ಬೇಕರಿಯಲ್ಲಿ ನನ್ನನ್ನು ನಿಲ್ಲಿಸಿ ಬೈದ ತಂದೆತಾಯಿಗಳೇ, ಮನೆಗೆ ಹೋಗಿ ನಿಮ್ಮ ಮಕ್ಕಳನ್ನು ಒಮ್ಮೆ ಕೇಳಿ. ಆಮೇಲೆ ಬಂದು ಬೈಯಿರಿ, ಬೈಸಿಕೊಳ್ಳುತ್ತೇನೆ.

ಮಾರ್ನಿಗೆ ಅಂಗಿ ಎಸೆದೆ. "ಆಡ್ಬಹುದಾ?" ಎಂದಳು. "ಆಡ್ಬಾರ್ದು. ಹಾಕ್ಕೋ," ಎಂದೆ.

ಅವಳು ಆ ದಿನ ಒಂದು ಗೋಲನ್ನೂ ಹೊಡೆಯಲಿಲ್ಲ. ಮೂಲೆಯಲ್ಲೇ ನಿಲ್ಲಿಸಿದ್ದೆ, ನನ್ನ ಹಾಳು ಅಭ್ಯಾಸ. ಆದರೂ ನಾವು ಗೆದ್ದೆವು. ಬೇಲಿಯ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಒತ್ತಿದವು. ಆಮೇಲೆ ಸೋತ ಲೇಕ್ ಸಟನ್‌ನವರು ದೂರು ಕೊಟ್ಟರು. ಕೊಡುವ ಹಕ್ಕು ಅವರಿಗಿತ್ತು. ವಿಚಾರಣೆಯ ದಿನ ಮೆರಿಗಲ್ಲಿನ ರಾಸ್ ಕೆಟಲ್ ಬಿತ್ತನೆ ಯಂತ್ರ ಬಿಟ್ಟು ಮಣ್ಣು ಮೆತ್ತಿದ ಬಟ್ಟೆಯಲ್ಲೇ ಬಂದು ನಮ್ಮ ಪಕ್ಕ ನಿಂತರು. "ಆ ಹುಡುಗಿ ಬರದೇ ಇದ್ದಿದ್ರೆ ನಾವು ಜುಲೈನಲ್ಲೇ, ಚಳಿಗಾಲದ ಮಧ್ಯದಲ್ಲೇ ಅಂಗಡಿ ಮುಚ್ತಿದ್ವಿ. ಆಗ ನಿಮ್ಮ ಲೀಗಲ್ಲಿ ಒಂದು ತಂಡ ಕಮ್ಮಿ. ಅದಕ್ಕೆ ಯಾವ ನಿಯಮ ಇದೆ, ತೋರ್ಸಿ," ಎಂದರು. ತೋರಿಸಲಿಲ್ಲ. ಲೀಗಿನವರು ಕಪ್ಪನ್ನು ಮಾತ್ರ ತೆಗೆದುಕೊಂಡು ಹೋದರು.

ಈಗ ಆ ಎರಡು ವಾಕ್ಯಗಳು. ಟ್ರೆಮೇನ್ ಅವರೇ, ನೀವು ಕೇಳಿಸಿಕೊಳ್ಳಲೆಂದೇ ಬಂದಿದ್ದೀರಿ, ಬರಿಗೈಯಲ್ಲಿ ಕಳಿಸುವುದಿಲ್ಲ. ಮೊದಲನೆಯದು ನಿಜ, ಅದಕ್ಕೆ ಹೇಳುತ್ತೇನೆ. ಅರ್ಹತೆ ಇಲ್ಲದ ಆಟಗಾರ್ತಿಯನ್ನು ಗೊತ್ತಿದ್ದೂ ಫೈನಲ್ಲಿನಲ್ಲಿ ಆಡಿಸಿದೆ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳುತ್ತೇನೆ, ಕೂಗಿಯೂ ಹೇಳಬಲ್ಲೆ. ಎರಡನೆಯ ವಾಕ್ಯವನ್ನು ತುಂಬಾ ಹುಡುಕಿದೆ. ಶೆಡ್ಡಿನಲ್ಲಿ ಉಣ್ಣೆ ಬಾಚುತ್ತ ಹುಡುಕಿದೆ. ಇಲ್ಲಿಗೆ ಬರುವಾಗ ದಾರಿಯಲ್ಲೂ ಹುಡುಕಿದೆ. ನನ್ನಲ್ಲಿ ಅದು ಇಲ್ಲ. ಇಲ್ಲದ್ದನ್ನು ಎಲ್ಲಿಂದ ತಂದು ಕೊಡಲಿ?

ಅಧ್ಯಕ್ಷರೇ, ಹೊರಗೆ ಹಾಕಿದವರ ಹೆಸರನ್ನು ಕ್ಲಬ್ಬಿನ ಅಧ್ಯಕ್ಷರೇ ಲೀಗಿಗೆ ಬರೆದು ಕಳಿಸಬೇಕಂತೆ. ಬರೆದು ಕಳಿಸಿ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಹೆಸರು ಇಟ್ಟವರೂ ನೀವೇ.

ಕೊನೆಯದಾಗಿ ಒಂದು ಪ್ರಕಟಣೆ. ಬೇಲಿಯಾಚೆ ಒಣಗಿದ ಕೆರೆಯಿದೆ. ನೆಲ ಗಟ್ಟಿಯಾಗಿದೆ, ಮೊನ್ನೆ ನಡೆದು ನೋಡಿ ಬಂದೆ. ಅದು ಯಾವ ಲೀಗಿಗೂ ಸೇರಿದ್ದಲ್ಲ. ಮುಂದಿನ ಮಂಗಳವಾರದಿಂದ ಶಾಲೆ ಬಿಟ್ಟ ಮೇಲೆ ನನ್ನ ಗಾಡಿ ಅಲ್ಲಿ ನಿಂತಿರುತ್ತದೆ. ಹದಿನಾಲ್ಕು ದಾಟಿದ ಹುಡುಗಿಯರು ಬರಲಿ. ಮೆರಿಗಲ್ಲಿನವರು ಬರಲಿ, ಲೇಕ್ ಸಟನ್‌ನವರೂ ಬರಲಿ. ಯಾವ ಊರು, ಯಾವ ಅಂಗಿ, ಎಷ್ಟು ಆಟ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಒಂದು ತಂಡಕ್ಕೆ ಸಾಕಾಗುವಷ್ಟು ಜನವಾದ ದಿನ ಟ್ರೆಮೇನ್ ಅವರ ಬಾಗಿಲು ತಟ್ಟುತ್ತೇವೆ, ಎಲ್ಲರೂ ಒಟ್ಟಿಗೆ. ಅಲ್ಲಿಯವರೆಗೆ, ಸ್ವಾಮಿ, ನೀವು ನನ್ನನ್ನು ಹೊರಗೆ ಹಾಕಿದ್ದೀರಿ, ಸಂತೋಷ. ಹೊರಗೆ ಬೇಕಾದಷ್ಟು ಜಾಗವಿದೆ.

ಇಷ್ಟು ಹೊತ್ತು ಮಾಂಸ ಆರಲು ಬಿಟ್ಟು ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಸುಳ್ಳು ಬರೆಯದ ಗ್ಲೆನಿಸ್ ಚಿಕ್ಕಮ್ಮನಿಗೆ ವಂದನೆಗಳು. ಹದಿನಾಲ್ಕರೊಳಗಿನ ನನ್ನ ಮಕ್ಕಳಿಗೆ, ನೀವು ಗೆದ್ದಿದ್ದೀರಿ, ಅದು ನಿಮಗೂ ಗೊತ್ತು, ನನಗೂ ಗೊತ್ತು. ನಮಸ್ಕಾರ.