ಗಡಿಯಾರದ ಉಸಿರು

ಸಭಾಧ್ಯಕ್ಷರಾದ ಪ್ರಾಂಶುಪಾಲರೇ, ಇಂದಿನ ಸನ್ಮಾನಿತರೂ ನನ್ನ ಭಾವನವರೂ ಆದ ಡಾಕ್ಟರ್ ಧರ್ಮಪಾಲರೇ, ವೇದಿಕೆಯ ಮೇಲಿರುವ ಹಿರಿಯರೇ, ನಾಳೆ ಡಾಕ್ಟರರಾಗಲಿರುವ ವಿದ್ಯಾರ್ಥಿಗಳೇ, ಮತ್ತು ಕಾಪುವಿನಿಂದ ನನ್ನ ಜೊತೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಸಭಿಕರೇ,

ಈ ಮೈಕನ್ನು ದಯವಿಟ್ಟು ಆಚೆ ಇಡಿ. ಕಾಪುವಿನ ಶಾಲೆಯಲ್ಲಿ ಸಮುದ್ರದ ಸದ್ದಿಗಿಂತ ಮೇಲೆ ಪಾಠ ಹೇಳಿ ಪಳಗಿದ ಗಂಟಲು ಇದು. ನನಗೆ ಮೈಕು ಕೊಟ್ಟರೆ ಮಣಿಪಾಲದ ಗುಡ್ಡದ ಕೆಳಗಿನವರೂ ಎದ್ದು ಕುಳಿತಾರು.

ನನಗೆ ಕೊಟ್ಟ ಕೆಲಸ ಬಹಳ ಸಣ್ಣದು. ನನ್ನ ಹಿಂದೆ ಗೋಡೆಯ ಮೇಲೆ ಒಂದು ಚೌಕಟ್ಟು ಉಂಟು, ಅದಕ್ಕೊಂದು ಹಸಿರು ಪರದೆ ಉಂಟು. ಎರಡು ಒಳ್ಳೆಯ ಮಾತು ಆಡಿ, ದಾರ ಎಳೆದು, ಕುಳಿತುಕೊಳ್ಳಬೇಕು. ಪರದೆಯ ಹಿಂದೆ ಇರುವುದು ನನ್ನ ಅಕ್ಕ ಮೋಹಿನಿಯ ಉಸಿರಾಟದ ಗೆರೆ. ಅವಳ ಪತಿಯೇ ಎಳೆದ ಗೆರೆ. ಕೆಳಗೆ 'ಆರೋಗ್ಯವಂತರ ಸಹಜ ಉಸಿರಾಟ' ಎಂದು ಬರೆಸಿದ್ದಾರಂತೆ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಹೋದವರ ಉಸಿರು ಗೋಡೆಯ ಮೇಲಾದರೂ ಉಳಿಯುತ್ತದೆ ಎಂದರೆ ಯಾವ ತಂಗಿಗೆ ಬೇಡ?

ಭಾವನವರ ಸಾಧನೆ ಏನು ಎಂದು ನಮ್ಮ ಊರಿನವರು ಬಸ್ಸಿನಲ್ಲಿ ಕೇಳುತ್ತಿದ್ದರು. ಹೇಳುತ್ತೇನೆ. ಸೌಖ್ಯವಾಗಿರುವವರ ಉಸಿರು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಅಳೆಯಬೇಕು. ಆದರೆ ಮುಟ್ಟಬಾರದು. ಯಾಕೆ ಮುಟ್ಟಬಾರದು? ಎದೆಗೆ ಪಟ್ಟಿ ಕಟ್ಟಲು ಹೋದರೆ ನಮ್ಮ ಹೆಂಗಸರು ಎದ್ದು ಬಸ್ಸು ಹತ್ತುತ್ತಾರೆ. ಗಂಡಸರು ಎದೆ ಉಬ್ಬಿಸಿ ಪೈಲ್ವಾನರಾಗುತ್ತಾರೆ. ತನ್ನ ಉಸಿರನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದ ಕ್ಷಣ ಯಾರ ಉಸಿರೂ ಅವರದಾಗಿ ಉಳಿಯುವುದಿಲ್ಲ.

ಅದಕ್ಕೆ ಭಾವನವರು ಒಂದು ಉಪಾಯ ಮಾಡಿದರು. ಕತ್ತಲೆ ಕೋಣೆ. ಒಂದು ಬದಿಗೆ ದೀಪ, ಇನ್ನೊಂದು ಬದಿಗೆ ಬಿಳಿ ಬಟ್ಟೆ, ನಡುವೆ ಕುರ್ಚಿ. ಕುಳಿತವರ ಎದೆಯ ನೆರಳು ಬಟ್ಟೆಯ ಮೇಲೆ ಬೀಳುತ್ತದೆ. ಬಟ್ಟೆಯ ಹಿಂದೆ ಕಾಗದ ಮೆಲ್ಲಗೆ ಸರಿಯುತ್ತಿರುತ್ತದೆ, ನೆರಳಿನ ಅಂಚು ಆಡಿದ ಹಾಗೆ ಭಾವನವರ ಪೆನ್ಸಿಲೂ ಆಡುತ್ತದೆ. ಕುಳಿತವರಿಗೆ ಮಾತ್ರ, "ಇದು ಕಿವಿಯ ಪರೀಕ್ಷೆ, ಗೋಡೆಯ ಗಡಿಯಾರದ ಸದ್ದನ್ನು ಗಮನವಿಟ್ಟು ಕೇಳಿ" ಎಂದು ಹೇಳುವುದು. ಆ ಬಿಳಿ ಬಟ್ಟೆಯನ್ನು ಎರಡು ಪಂಚೆ ಜೋಡಿಸಿ ಹೊಲಿದುಕೊಟ್ಟವಳು ಅಕ್ಕ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಮೊದಮೊದಲು ಈ ಉಪಾಯ ನೀರಿನಲ್ಲಿ ಹೋಮವಾಯಿತು. ಭಾವನವರು ನಮ್ಮವರೇ ಆದರೂ ಮೈಸೂರಿನಲ್ಲಿ ಬೆಳೆದವರು. ಅವರ ಕನ್ನಡ ಮನೆಯ ಕನ್ನಡ, ಮನೆಯಲ್ಲಿ ತುಳು ಆಡುವ ನಮ್ಮದು ಶಾಲೆಯಲ್ಲಿ ಕಲಿತ ಕನ್ನಡ. ಮಾತಾಡಬೇಡಿ ಎನ್ನುವುದಕ್ಕೆ ಅವರು "ಉಸಿರೆತ್ತಬೇಡಿ" ಎಂದರು. ನುಡಿಗಟ್ಟು! ನಾನು ಅದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸುತ್ತೇನೆ. ಆದರೆ ಕಲ್ಯಾಣಪುರದ ಗದ್ದೆಯಿಂದ ಬಂದ ಜೋಕಿಮ್ ಪೊರ್ಬು ಎಂಬವರಿಗೆ ನುಡಿಗಟ್ಟು ಯಾರು ಕಲಿಸಿದ್ದಾರೆ? ಡಾಕ್ಟರರ ಅಪ್ಪಣೆ ಎಂದು ಉಸಿರು ಬಿಗಿಹಿಡಿದು ಕುಳಿತರು. ಬಟ್ಟೆಯ ಮೇಲೆ ನೆರಳು ಅಲ್ಲಾಡುವುದಿಲ್ಲ. ಭಾವನವರಿಗೆ ಗಾಬರಿ. ಕೊನೆಗೆ ಜೋಕಿಮರೇ ಮುಖ ಕೆಂಪಗೆ ಮಾಡಿಕೊಂಡು, "ಎಷ್ಟು ಹೊತ್ತು ಕಟ್ಟುವುದು ಡಾಕ್ಟ್ರೇ? ಕಿವಿ ನೋಡ್ಲಿಕ್ಕೆ ಜೀವ ಹೋಗ್ಬೇಕಾ ಎಂತ?" ಎಂದರಂತೆ.

ಇದನ್ನು ಹೇಳಿ ಹೇಳಿ ಅಕ್ಕ ನಗುತ್ತಿದ್ದಳು. ಅವಳು ನಗುವುದೆಂದರೆ ಹಾಗೆಯೇ, ಕೆಮ್ಮು ಬರುವ ತನಕ. ಆಮೇಲೆ ಸುಮ್ಮನೆ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಿದ್ದಳು.

ನಾನು ಎರಡು ಒಳ್ಳೆಯ ಮಾತು ಆಡಬೇಕಿತ್ತು, ಅಲ್ವಾ? ಆಡುತ್ತೇನೆ. ಭಾವನವರಂಥ ಗಂಡ ಸಿಗುವುದು ಪುಣ್ಯ. ಮದುವೆಯಾದ ಹೊಸತರಲ್ಲಿ ಕಾರ್ಕಳದ ಗೊಮ್ಮಟನ ಬೆಟ್ಟಕ್ಕೆ ಹೋಗಿದ್ದೆವು. ಅರ್ಧ ಮೆಟ್ಟಿಲಿಗೆ ಅಕ್ಕ ಬಂಡೆಯ ಮೇಲೆ ಕುಳಿತುಬಿಟ್ಟಳು. "ಏನಾಯ್ತು?" ಎಂದು ಭಾವ ಓಡಿಬಂದರು. "ಚಪ್ಪಲಿ ಕಚ್ಚುತ್ತದೆ" ಎಂದಳು. ಅಷ್ಟು ಜನರ ಎದುರು ಹೆಂಡತಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಇಳಿದ ಗಂಡನನ್ನು ನಾನು ಅಂದೇ ನೋಡಿದ್ದು. ಮರುದಿನವೇ ಉಡುಪಿಯಿಂದ ಹೊಸ ಚಪ್ಪಲಿ ತಂದುಕೊಟ್ಟರು. ಅದೂ ಕಚ್ಚಿತು. ಇನ್ನೊಂದು ಜೊತೆ ತಂದರು.

ಅಕ್ಕನಿಗೆ ಸಣ್ಣವಳಿರುವಾಗ ಕೈಕಾಲಿನ ಗಂಟುಗಂಟು ಬಾತು ಜ್ವರ ಬಂದಿತ್ತು. ಜ್ವರ ಹೋಯಿತು, ಏದುಸಿರು ಉಳಿಯಿತು. ಹೃದಯಕ್ಕೆ ಪೆಟ್ಟಾಗಿದೆ ಎಂದು ಅಂದಿನ ವೈದ್ಯರು ಹೇಳಿದ್ದರು. ಸಂಬಂಧ ಕುದುರುವಾಗ ಅಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದರು. ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತಂದರೆ ಭಾವನವರ ಮಾತೇ ಬರುತ್ತದೆ: ಉಸಿರೆತ್ತಬೇಡಿ.

ಪ್ರಾಂಶುಪಾಲರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಕ್ಷಮಿಸಬೇಕು ಸ್ವಾಮಿ. ಅಮ್ಮನನ್ನು ಬೈಯಬೇಡಿ. ಹೆಣ್ಣು ಹೆತ್ತವರು ಯಾರು ಹೇಳುತ್ತಾರೆ? ಹೇಳಿದರೆ ಯಾರು ಮದುವೆಯಾಗುತ್ತಾರೆ? ಭಾವನವರು ಆಗುತ್ತಿದ್ದರೋ ಏನೋ. ಕೇಳಿ ನೋಡುವ ಧೈರ್ಯ ನಮಗೆ ಇರಲಿಲ್ಲ.

ಹೀಗಿರುವಾಗ ಒಂದು ದಿನ, "ಮೋಹಿನಿ, ನೀನೂ ಬಂದು ಕುರ್ಚಿಯಲ್ಲಿ ಕೂತುಕೋ" ಎಂದು ಭಾವನವರು ಕರೆದರು. ಅವಳಿಗೆ ಎಲ್ಲ ಗೊತ್ತಿತ್ತು. ಬಟ್ಟೆ ಹೊಲಿದವಳಲ್ಲವೇ? ಹೆದರಿದಳು. ಆಮೇಲೆ ಗಡಿಯಾರದ ಸದ್ದನ್ನು ಹಿಡಿದುಕೊಂಡಳು. ಇಷ್ಟು ಟಿಕ್ಕಿಗೆ ಒಳಗೆ, ಇಷ್ಟು ಟಿಕ್ಕಿಗೆ ಹೊರಗೆ. ಇಂಥ ಸಮನಾದ ಗೆರೆಯನ್ನು ತಾನು ನೋಡಿಯೇ ಇಲ್ಲ ಎಂದು ಭಾವನವರು ಕುಣಿದಾಡಿದರು. ಆ ಭಾನುವಾರ ಅವಳು ಕಾಪುವಿಗೆ ಬಂದು ಅಂಗಳದಲ್ಲೇ ನನ್ನ ಕೈ ಹಿಡಿದುಕೊಂಡಳು. "ಮನೋರಮಾ, ಇವರ ಲೆಕ್ಕದಲ್ಲಿ ನಾನು ಸೌಖ್ಯ ಇದ್ದೇನೆ ಮಾರಾಯ್ತಿ!" ಎಂದಳು. ಅಷ್ಟು ಸಂತೋಷವನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ.

ಆಮೇಲೆ ಬಸುರಿಯಾದಳು. ತಿಂಗಳು ತುಂಬುತ್ತಾ ಬಂದಂತೆ ಉಸಿರು ಸಾಲದಾಯಿತು. ಬಸುರಿಗೆ ಏದುಸಿರು ಸಹಜ ಎಂದರು ನೆರೆಯವರು. ಸಹಜ ಎಂದರು ಭಾವನವರೂ. ಯಾಕೆ ಅನ್ನಬಾರದು? ಅವರ ಮೇಜಿನ ಮೇಲೆ ಅವಳ ಗೆರೆ ಇತ್ತಲ್ಲ! ಅದನ್ನು ನಂಬಿದ್ದರು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಹೀಗೇಕಾಯಿತು ಎಂದು ಭಾವನವರು ಇಂದಿಗೂ ಒಬ್ಬೊಬ್ಬರನ್ನೇ ಕೇಳುತ್ತಿದ್ದಾರೆ. ನನ್ನನ್ನೂ ಕೇಳಿದ್ದಾರೆ.

ಮಹನೀಯರೇ, ನೀವು ಚೌಕಟ್ಟು ಹಾಕಿಸಿರುವುದು ನನ್ನ ಅಕ್ಕನ ಉಸಿರಿಗಲ್ಲ. ಅದು ಗಡಿಯಾರದ ಉಸಿರು.

ಸುಮ್ಮನೆ ದಾರ ಎಳೆದು ಹೋಗೋಣ ಎಂದೇ ಬಂದಿದ್ದೆ. ಆದರೆ ಮುಂದಿನ ಸಾಲಿನಲ್ಲಿರುವ ಈ ಹುಡುಗರನ್ನು ನೋಡಿ ಮನಸ್ಸು ತಡೆಯಲಿಲ್ಲ. ಇವರು ದಿನಾ ಈ ಗೆರೆಯನ್ನು ನೋಡುತ್ತಾರೆ, ಆರೋಗ್ಯ ಎಂದರೆ ಇದು ಎಂದು ಕಲಿಯುತ್ತಾರೆ. ನಾಳೆ ಉದ್ಯಾವರದಲ್ಲೋ ಪರ್ಕಳದಲ್ಲೋ ಒಬ್ಬಳು ಹೀಗೆಯೇ ಇವರ ಎದುರು ಕುಳಿತು, ಚಪ್ಪಲಿ ಕಚ್ಚುತ್ತದೆ ಎನ್ನುತ್ತಾಳೆ. ಮಕ್ಕಳೇ, ದೂರದಿಂದ ಎಷ್ಟು ಬೇಕಾದರೂ ಅಳೆಯಿರಿ. ಆಮೇಲೆ ಒಮ್ಮೆ ಹತ್ತಿರ ಹೋಗಿ ಕೇಳಿ. ಅವಳು ನಿಜ ಹೇಳಿದರೂ ಅವಳನ್ನು ಬಿಟ್ಟುಹಾಕುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಿ.

ಅಧ್ಯಕ್ಷರೇ, ಗೆರೆ ಅಲ್ಲಿಯೇ ಇರಲಿ, ಅವಳು ಕಷ್ಟಪಟ್ಟು ಉಸಿರಾಡಿದ ಗೆರೆ ಅದು. ಕೆಳಗಿನ ಬರಹವನ್ನು ತೆಗೆಸಿ, ಅವಳ ಹೆಸರನ್ನು ಮಾತ್ರ ಬರೆಸಿ. ಅಷ್ಟಾದ ಮೇಲೆ ಈ ದಾರವನ್ನು ಭಾವನವರೇ ಎಳೆಯಲಿ. ನನ್ನ ಕೈಗೆ ಅದು ಆಗುವುದಿಲ್ಲ.

ಮಾತನಾಡಲು ಕರೆದವರಿಗೂ, ಮಾತು ಕೇಳಿದ ನಿಮಗೂ ನಾನು ಋಣಿ.

ಭಾವಾ, ಕಾರ್ಕಳದಲ್ಲಿ ಚಪ್ಪಲಿ ಕಚ್ಚಿದ್ದಲ್ಲ. ಈಗ ಗೊತ್ತಾಯಿತಲ್ಲ. ನೀವು ಆಗಿನಿಂದ ಉಸಿರು ಕಟ್ಟಿಕೊಂಡು ಕುಳಿತಿದ್ದೀರಿ, ನನಗೆ ಇಲ್ಲಿಂದಲೇ ಕಾಣುತ್ತದೆ. ಉಸಿರು ಬಿಡಿ ಭಾವಾ.

ನಮಸ್ಕಾರ.