ತಟ್ಟಿ ನೋಡಿ ತಂದ ಕಾರು

ಹೊರಡೋಣ ಕಣೇ, ಹೊರಡೋಣ... ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು ಹಾಗೆ ನೋಡಬೇಡ. ನಿಮ್ಮಕ್ಕನ ಮನೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಈ ಸೀಟಿಗೆ ಒರಗಿಕೊ. ಒರಗಿದೆಯಾ? ಹಾಂ. ಈಗ ಹೇಳು, ಕಾರು ಕೊಂಡ್ರೆ ಹೀಗೆ ಕೊಳ್ಳಬೇಕೋ ಬೇಡವೋ?

ಯಾಕೆ ನಗ್ತೀಯಾ? ಹೌದು, ಬಾಗಿಲು ತಟ್ಟಿ ನೋಡಿದೆ. ಒಂದೊಂದನ್ನೂ. ಪಾತ್ರೆ ಅಂಗಡಿಯವನು ಇನ್ನೇನು ಮಾಡ್ತಾನೆ? ಬೆರಳ ಗಂಟಲ್ಲಿ ಟಣ್ ಅಂದ್ರೆ ಸಾಕು, ತಳ ದಪ್ಪವೋ ತೆಳುವೋ ಗೊತ್ತಾಗತ್ತೆ ನನಗೆ. ಷೋರೂಮಿನ ಸೇಲ್ಸ್‌ಮನ್ ಟೈ ಸರಿಮಾಡ್ಕೊಂಡು, ಕಾರನ್ನ ಯಾರೂ ಹೀಗೆ ನೋಡಲ್ಲ ಸರ್ ಅಂದ. ಅದಕ್ಕೇ ಎಲ್ಲರೂ ಮೋಸ ಹೋಗೋದು ಅಂದೆ.

ಹೋಗಿದ್ದೇ ಹಳೇ ಚಪ್ಪಲಿ ಹಾಕ್ಕೊಂಡು, ತಿಂಗಳ ಕೊನೇ ದಿನ. ಅವನಿಗೆ ತಿಂಗಳ ಲೆಕ್ಕ ತುಂಬೋ ಅವಸರ, ನನಗೆ ಯಾವ ಅವಸರ? ನಿಮ್ಮ ಬಜೆಟ್ ಎಷ್ಟು ಸರ್ ಅಂತ ಕೇಳ್ತಾನೆ... ನನ್ನ ಗಿರಾಕಿಗಳಿಗೆ ನಾನು ಹಾಕೋ ಮೊದಲನೇ ಗಾಳ, ನನಗೇ! ಅವನು ಕೊಟ್ಟ ಟೀ ಕುಡಿದು ಸುಮ್ಮನೆ ಕೂತೆ. ಗಿರಾಕಿ ಬಾಯಿ ಮುಚ್ಕೊಂಡ್ರೆ ಮಾರೋವನ ಕೈ ತಾನಾಗೇ ಕ್ಯಾಲ್ಕುಲೇಟರಿಗೆ ಹೋಗತ್ತೆ. ತಾನೇ ಬೆಲೆ ಇಳಿಸಿದ. ಇನ್ನೂ ಸುಮ್ಮನಿದ್ದೆ. ಇನ್ನೂ ಇಳಿಸಿದ.

ಆಮೇಲೆ, ಗಾಡಿಯನ್ನ ಬಿಸಿಲಿಗೆ ತಾ ಅಂದೆ. ಷೋರೂಮಿನ ದೀಪದ ಕೆಳಗೆ ತಗಡೂ ಬೆಳ್ಳಿ ಥರ ಹೊಳೆಯತ್ತೆ. ತಯಾರಾದ ತಿಂಗಳು ಯಾವುದು, ಗೋಡೌನಲ್ಲಿ ಎಷ್ಟು ದಿನ ಮಲಗಿತ್ತು, ಎಲ್ಲ ಕೇಳಿದೆ. ವಿಮೆ ಹೊರಗೆ ವಿಚಾರಿಸಿದೆ. ಕಾಲ್ಚಾಪೆ, ಸುವಾಸನೆ ಡಬ್ಬಿ, ಸೀಟಿನ ಕವರು ಯಾವುದೂ ಬೇಡ ಅಂದೆ. ಕುಕ್ಕರ್ ಕೊಂಡೋರಿಗೆ ನಾನೂ ಸೌಟು ಅಂಟಿಸ್ತೀನಲ್ಲ? ಲಾಭ ಇರೋದೇ ಸೌಟಲ್ಲಿ. ಸೀಟಿನ ಕವರು ನೀನೇ ಹೊಲಿ. ಮಧ್ಯಾಹ್ನ ಮಧ್ಯಾಹ್ನ ಅಂಗಡಿ ನನ್ನ ತಲೆಗೆ ಕಟ್ಟಿ ಹೊಲಿಗೆ ಕ್ಲಾಸಿಗೆ ಹೋಗ್ತಿದ್ದೆಯಲ್ಲ, ಒಂದು ದಿಂಬಿನ ಚೀಲವೂ ಮನೆಗೆ ಬರಲಿಲ್ಲ... ಸರಿ, ಆ ಮಾತು ಬಿಡು.

ಓಡಿಸಿ ನೋಡಿದೆನಾ? ನೋಡದೇ ಇರ್ತೀನಾ? ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತು ನೋಡಿದೆ. ಸ್ಟೀರಿಂಗ್ ಹಿಡಿದೋನಿಗೆ ಕಾಣೋದು ಬರೀ ರಸ್ತೆ. ಪಕ್ಕದಲ್ಲಿ ಕೂತೋನಿಗೆ ಕಾರು ಕಾಣತ್ತೆ. ಮನೆ ತನಕವೂ ಅವನೇ ತಂದು ನಿಲ್ಲಿಸಿದ, ಹೌದು. ಗಿರಾಕಿಗೆ ಮರ್ಯಾದೆ ಕೊಡೋದು ಅಂದ್ರೆ ಅದು.

ಇವತ್ತು ನಿನ್ನ ಭಾವನೋರ ಮುಖ ನೋಡಬೇಕು ನಾನು. ನಮ್ಮನ್ನ ಕರ್ಕೊಂಡು ಹೋಗೋಕೆ ಬಂದಾಗಲೆಲ್ಲ ಕಾರಿಂದ ಇಳಿಯೋದೂ ಇಲ್ಲ, ಬಾಗಿಲಲ್ಲೇ ಪೋಂ... ಪೋಂ... ಗೋಡೌನಿಂದ ಮೂಟೆ ಎತ್ತೋಕೆ ಬಂದೋರ ಹಾಗೆ. ಆಮೇಲೆ ಎಲ್ಲರ ಎದುರು, 'ಷಡ್ಡಕರೇ, ಲಾರಿ ಓಡಿಸಿದ ಕೈ ನಿಮ್ಮದು, ಕಾರಿಗೆ ಯಾಕೆ ಹೆದರ್ತೀರಿ?' ಇವತ್ತು ಅವರ ಬಾಗಿಲಲ್ಲಿ ನಾನು ಹೊಡೀತೀನಿ ಹಾರ್ನು. ಚಪ್ಪಲಿ ಹುಡುಕ್ತಾ ಓಡಿಬರಲಿ.

ಗೊತ್ತು, ಗೊತ್ತು, ಡಬ್ಬಿ ಆರ್ತಿದೆ. ಇಗೋ, ಕೀ ತಿರುಗಿಸಿದೆ... ಇದ್ಯಾಕೆ ಗಾಜು ಒರೆಸ್ತಿದೆ? ಒರೆಸಲಿ ಬಿಡು, ಧೂಳಿತ್ತು. ಸೆಖೆನಾ? ಗಾಜು ಇಳಿಸ್ಕೊ. ಗುಂಡಿ... ಅಲ್ಲೇ ಎಲ್ಲೋ ಇರಬೇಕು.

ಈಗ ಕಾಲು. ಒಂದು... ಎರಡು... ಇದೆಂಥದು? ಮನುಷ್ಯನಿಗೆ ದೇವರು ಕೊಟ್ಟಿದ್ದು ಎರಡು ಕಾಲು, ಇವರು ಇಟ್ಟಿರೋದು ಮೂರು ಪೆಡಲು! ಅಷ್ಟೆಲ್ಲ ತಟ್ಟಿದೋನು ಇದೊಂದನ್ನ ಕೇಳಲಿಲ್ಲವಲ್ಲ...

...

ಏನಾದ್ರೂ ಹೇಳೇ. ನಗು. ಬೈಯಿ. ಆಗ ನಕ್ಕೋಳು ಈಗ ಯಾಕೆ ಸುಮ್ಮನಾದೆ? ನನ್ನ ಮದ್ದು ನನಗೇ ಕುಡಿಸ್ತಿದೀಯಾ?

...

ಆಯ್ತು. ಮದುವೆ ಮಾತುಕತೇಲಿ ಲಾರಿ ವಿಷಯ ನಿಮ್ಮಪ್ಪನಿಗೆ ಹೇಳಿದ್ದೆನಲ್ಲ... ಲಾರಿ ಇತ್ತು. ಅದು ಓಡ್ತಿತ್ತು. ನಾನೂ ಅದರಲ್ಲಿದ್ದೆ. ಹಿಂದುಗಡೆ. ಪಾತ್ರೆ ಮೂಟೆ ಬೀಳದ ಹಾಗೆ ಹಿಡ್ಕೊಂಡು.

ಎಲ್ಲಿಗೆ ಇಳಿದೆ? ಬಸ್ಸಿಗಾ? ಬೇಡ ಕಣೇ, ಅಕ್ಕಪಕ್ಕದೋರು ನೋಡ್ತಿದ್ದಾರೆ... ಈ ಕಡೆ ಯಾಕೆ ಬಂದೆ? ಯಾರು, ನಾನಾ? ಆ ಕಡೆ ಕೂರಬೇಕಾ? ಡಬ್ಬಿ ಕೊಡು, ಕೊಡು... ಸೀಟು ಯಾಕೆ ಮುಂದಕ್ಕೆಳ್ಕೊಂಡೆ? ಏ, ಆಟದ ಸಾಮಾನಲ್ಲ ಅದು, ಹೊಸಾ ಗಾಡಿ... ಅರೆ. ಅರೆರೆ. ಗೇಟು ದಾಟಿಬಿಡ್ತು!

ಓಹೋ. ಇದಾ ನಿನ್ನ ಹೊಲಿಗೆ ಕ್ಲಾಸು? ಅಂದ್ರೆ ಲಾರಿ ವಿಷಯ ನಿನಗೆ ಮೊದಲಿಂದಲೂ...

ಸರಿ, ಕೇಳಲ್ಲ. ರಸ್ತೆ ನೋಡು. ಚೆನ್ನಾಗೇ ಓಡಿಸ್ತೀಯ, ಡಬ್ಬಿಯಲ್ಲಿ ಒಂದು ತೊಟ್ಟೂ ತುಳುಕ್ತಿಲ್ಲ. ಒಂದೇ ಒಂದು ಮಾತು... ಅವರ ಮನೆ ತಿರುವಿನಲ್ಲಿ ಒಂಚೂರು ನಿಲ್ಲಿಸ್ತೀಯಾ? ಬಾಗಿಲ ತನಕ ನಾನು ಸ್ಟೀರಿಂಗ್ ಹಿಂದೆ ಕೂತ್ಕೊಂಡು... ಇಲ್ಲವಾ? ಬಾಗಿಲ ತನಕ ನೀನೇನಾ?

ಆಗಲಿ. ಹಾರ್ನ್ ಆದ್ರೂ ನಾನು ಹೊಡೀತೀನಿ, ಪಕ್ಕದಿಂದ ಕೈ ಚಾಚಿ. ಅದು ಎಲ್ಲಿದೆ ಅಂತ ನನಗೆ ಗೊತ್ತು.