ಬಸಯ್ಯನವರ ಗಂಟೆಯ ನಾದ

ಸೂಡಿಯ ಬಸಯ್ಯನವರು ದವಾಖಾನೆಯಲ್ಲಿ ಲಿಂಗೈಕ್ಯರಾದರೆಂದು ತಿಳಿದ ಮಧ್ಯಾಹ್ನ ನಾನು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿದ್ದೆ. ಅವರ ಮಗ ಈರೇಶ, ಮಗಳು ವಿದ್ಯಾಶ್ರೀ ನನ್ನ ಮುಂದಿನ ಬೆಂಚಿನಲ್ಲಿದ್ದರು. ಪೇಟೆಯಲ್ಲಿ ಹಿತ್ತಾಳೆಯ ಪೂಜೆಗಂಟೆ ಕೊಳ್ಳುವಾಗಲೇ ಅವರಿಗೆ ಸುದ್ದಿ ಮುಟ್ಟಿತ್ತು.

“ಅಕ್ಕಾ, ಅಪ್ಪನ ಪೂಜಾ ವಿಡಿಯೋದಾಗಿನ ಗಂಟಿಗೆ ಫೋನಿನ್ಯಾಗಿನ ನಾದ ಅಳಿಯೂ ಆ್ಯಪ್ ಯಾವ ಅಂಕಿ ತೋರಿಸ್ತೋ, ಇದಕ್ಕೂ ಅದನ್ನ ತೋರಿಸ್ತು. ಅದೇ ನಾದ.”

“ಅಂಗಡಿಯಾಗಿನ ಗಂಟಿ ಎಲ್ಲಾ ಬಾರಿಸಿ ಅಂಗಡಿಯಂವನ ತಲಿ ತಿಂದಿ.”

“ಮತ್ತೇನ್ ಮಾಡ್ಲಿ? ಅಪ್ಪನ ಗಂಟಿ ಸೀಳೇತಿ. ಪೂಜಿಯಾಗ ಅದರ ನಾದ ಕೇಳದ ಅವ್ವ ಉಣ್ಣಂಗಿಲ್ಲ, ಬ್ಯಾರೇದು ಬಾರಿಸಿದ್ರ ತಾಟು ಸರಸ್ತಾಳ. ಕಣ್ಣು ಹೋಗ್ಯಾವ, ಕಿವಿ ಅಲ್ಲ ಅಂತಾಳ.”

“ಈಗ ಅದನ್ನ ಬಾರಿಸಬ್ಯಾಡ, ತಮ್ಮಾ.”

“ಒಂದ್ಸಲ ಬಾರಸ್ತೀನಿ. ನಾಕು ತುತ್ತು ಉಣ್ಣಲಿ, ಆಮ್ಯಾಲೆ ಹೇಳೂಣು. ಮೊದ್ಲ ಹೇಳಿದ್ರ ಅಪ್ಪನ ಮಣ್ಣಾಗೂತನಕ ನೀರೂ ಮುಟ್ಟಂಗಿಲ್ಲ. ಸಕ್ಕರಿ ರೋಗದಾಕಿ.”

“ಆ ನಾದ ಕೇಳಿದ್ರ ಅಪ್ಪ ಮನಿಗೆ ಬಂದ ಅಂತ ತಿಳೀತಾಳ. ಆಮ್ಯಾಲೆ ಇಲ್ಲ ಅಂತ ಯಾವ ಬಾಯಿಲೆ ಹೇಳ್ತಿ?”



ಸೂಡಿಯ ಬಸ್ಸು ಬಂತು. ವಿದ್ಯಾಶ್ರೀ ಗಂಟೆ ಇಸಿದುಕೊಂಡು, ನಾಲಗೆ ಅಲುಗದಂತೆ ಒಳಗೆ ಸೆರಗು ತುರುಕಿ ಹತ್ತಿದಳು.

ಶಿವನೇ, ಬಸಯ್ಯನವರ ಆತ್ಮಕ್ಕೆ ಶಾಂತಿ ಕೊಡು. ಆ ತಾಯಿಗೆ ತಾಳಿಕೊಳ್ಳುವ ಶಕ್ತಿ ಕೊಡು.